ಮಸ್ಕತ್ತಿನ ಲೈಸೆನ್ಸಿಗೆ ಅರಸೀಕೆರೆಯ ಎಲ್ ಬೋರ್ಡು

ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂರುವುದೂ ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ, ಇನ್ನು ಒಲಿಯುವ ಲಕ್ಷಣವೂ ಇಲ್ಲ. ಬಸ್ಸಿನಲ್ಲಿ ಕೂತರೂ ತಿರುವು ಬಂದ ಕೂಡಲೇ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ಅರಸೀಕೆರೆಯಿಂದ ಹಳೇಬೀಡಿಗೆ ಹೋಗಿ ಇಳಿಯುವಷ್ಟರಲ್ಲಿ ಡ್ರೈವರಿಗಿಂತ ಹೆಚ್ಚು ಸುಸ್ತಾಗಿರುವವಳು ನಾನು. ಒಮ್ಮೆ ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, "ಯಾಕ್ರಮ್ಮ, ಆವಾಗ್ಲಿಂದ ಸೀಟು ಒದೀತಿದೀರಾ, ಮೈಗೆ ಹುಷಾರಿಲ್ವಾ?" ಎಂದು ಕೇಳಿದ್ದಳು. ಹುಷಾರಾಗಿಯೇ ಇದ್ದೆ. ಕೈಯಲ್ಲಿ ಸ್ಟೀರಿಂಗ್ ಇರಲಿಲ್ಲ, ಅಷ್ಟೇ.

ಈ ಚಟ ಹತ್ತಿಕೊಂಡಿದ್ದು ಮಸ್ಕತ್ತಿನಲ್ಲಿ. ನಮ್ಮ ಯಜಮಾನರಿಗೆ ಅಲ್ಲೊಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ, ನನಗೆ ಶಾಲೆಯಲ್ಲಿ ಪಾಠ ಹೇಳುವ ಕೆಲಸ. ಆ ಬಿಸಿಲಿನಲ್ಲಿ ಕಾರಿಲ್ಲದೆ ತರಕಾರಿ ತರುವುದೂ ಕಷ್ಟ. ಇವರು ಊರಿನಿಂದ ತಂದಿದ್ದ ಲೈಸೆನ್ಸನ್ನು ಬಹಳ ಠೀವಿಯಿಂದ ಅಲ್ಲಿಯ ಅಧಿಕಾರಿಯ ಮುಂದಿಟ್ಟರು. ಕಾಲೇಜಿನ ದಿನಗಳಲ್ಲಿ ಮಾಡಿಸಿದ್ದ ಪುಟ್ಟ ಪುಸ್ತಕ ಅದು. ಫೋಟೋದಲ್ಲಿ ಕಿವಿ ಮುಚ್ಚುವಷ್ಟು ಕೂದಲು. ಇದು ಇಲ್ಲಿ ನಡೆಯುವುದಿಲ್ಲ, ಪರೀಕ್ಷೆ ಕೊಡಿ ಎಂದರು ಅಧಿಕಾರಿ. ಪರೀಕ್ಷೆ ಎಂದರೆ ಸಾಲಾಗಿ ನಿಲ್ಲಿಸಿದ ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು. ಇವರು ಎಲ್ಲ ಡ್ರಮ್ಮುಗಳನ್ನೂ ಮಾತಾಡಿಸಿಕೊಂಡು ಬಂದರು. ಆಮೇಲೆ ಗೊತ್ತಾಯಿತು, ಊರಿನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮಾಸ್ತರರ ಕಡೆಗೂ ಕ್ಲಚ್ಚು ಬ್ರೇಕು ಇದ್ದವಂತೆ. ಮಾಸ್ತರರು ಕಾಲಲ್ಲಿ ಕಾರು ಓಡಿಸಿದ್ದರು, ಇವರು ಸ್ಟೀರಿಂಗ್ ಹಿಡಿದು ಪಾಸಾಗಿದ್ದರು! "ಈ ದೇಶದಲ್ಲಿ ಡ್ರಮ್ಮಿಗಿರೋ ಮರ್ಯಾದೆ ಮನುಷ್ಯನಿಗಿಲ್ಲ" ಎಂದು ಸಿಟ್ಟಾಗಿ ಮನೆಗೆ ಬಂದವರು ಮತ್ತೆ ಆ ಕಡೆ ತಲೆಹಾಕಲಿಲ್ಲ. ಹಟಕ್ಕೆ ಬಿದ್ದು ನಾನು ಹೋದೆ. ಬಿದ್ದೆ, ಎದ್ದೆ, ಅತ್ತೆ, ಕೊನೆಗೆ ಪಾಸಾದೆ. ಅಲ್ಲಿಂದಾಚೆ ನಾನು ಓಡಿಸುವುದು, ಇವರು ಪಕ್ಕದಲ್ಲಿ ಕೂತು ಕಡಲೆಕಾಯಿ ತಿನ್ನುವುದು. ನಮ್ಮ ಸಂಸಾರದ ಅತ್ಯಂತ ಸುಖದ ದಿನಗಳು ಅವು.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಇವರಿಗೆ ತಮ್ಮ ಪಾಲಿನ ತೆಂಗಿನ ತೋಟ ಕನಸಿನಲ್ಲಿ ಬರತೊಡಗಿತು. ಗಂಟುಮೂಟೆ ಕಟ್ಟಿ ಅರಸೀಕೆರೆಗೆ ಬಂದೆವು. ಒಂದು ಹಳೆಯ ಮಾರುತಿ ಕಾರನ್ನೂ ಕೊಂಡೆವು. ನನಗೆ ಹಳೇಬೀಡಿನ ಒಂದು ಶಾಲೆಯಲ್ಲಿ ಕೆಲಸ ಸಿಗುವ ಸೂಚನೆ ಕಂಡಿತು. ಅಲ್ಲಿಯ ಟೀಚರೊಬ್ಬರು ಬಾಣಂತನಕ್ಕೆಂದು ತೌರಿಗೆ ಹೋದವರು ಮರಳಿ ಬರುವುದಿಲ್ಲ ಎಂದಿದ್ದರು. ಹೆಡ್‌ಮಿಸ್ಟ್ರೆಸ್ ಖಂಡಿತವಾದಿ. "ನೋಡಿ ಮೇಡಂ, ಸಂಕ್ರಾಂತಿ ಕಳೆದ ಮೇಲೆ ದಿನಾ ಪ್ರಾರ್ಥನೆಗೆ ಸರಿಯಾಗಿ ಇರ್ತೀನಿ ಅಂದ್ರೆ ಕೆಲಸ ನಿಮ್ದು. ಬಸ್ಸು ತಡ ಆಯ್ತು ಅನ್ನೋ ಕತೆ ಬೇಡ. ಹಗರೆಯಿಂದ ಇನ್ನೊಬ್ರು ಕೇಳ್ತಿದಾರೆ" ಎಂದರು. ನಮ್ಮೂರ ಬೆಳಗಿನ ಬಸ್ಸು ತುಂಬಿದ ಮೇಲೆ ಹೊರಡುವಂಥದ್ದು; ದಾರಿಯ ಜಾವಗಲ್ ದಾಟುವಷ್ಟರಲ್ಲಿ ಮೊದಲ ಪೀರಿಯಡ್ಡೇ ಮುಗಿದಿರುತ್ತದೆ. ಆದರೇನು, ಕಾರಿದೆ, ಲೈಸೆನ್ಸಿದೆ ಎಂದು ನಾನು ಧೈರ್ಯವಾಗಿ ಒಪ್ಪಿಕೊಂಡೆ.

ಲೈಸೆನ್ಸನ್ನು ಬದಲಾಯಿಸಿಕೊಡಿ ಎಂದು ಕಚೇರಿಗೆ ಹೋದಾಗ ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪಕ್ಕದವರಿಗೂ ತೋರಿಸಿ, ಕೇಳಿದರು. "ಅಲ್ಲಿ ರಸ್ತೇಲಿ ಯಾವ ಕಡೆ ಓಡಿಸ್ತಾರಮ್ಮಾ?"

"ಬಲಗಡೆ ಸಾರ್."

"ಇಲ್ಲಿ ಎಡಗಡೆ. ಅಂದ್ಮೇಲೆ ಇದನ್ನ ಇಟ್ಕೊಂಡು ನಾನೇನು ಮಾಡ್ಲಿ? ಮೊದಲಿಂದ ಎಲ್ಎಲ್ ಮಾಡ್ಸಿ. ಒಂದು ತಿಂಗಳು ಕಲೀರಿ, ಆಮೇಲೆ ಟೆಸ್ಟಿಗೆ ಬನ್ನಿ. ಕಲಿಯೋವಾಗ ಪಕ್ಕದಲ್ಲಿ ಲೈಸೆನ್ಸ್ ಇರೋರು ಕಡ್ಡಾಯವಾಗಿ ಕೂತಿರ್ಬೇಕು."

"ನನ್ನ ಹತ್ರ ಇದೆಯಲ್ಲಾ!" ಎಂದರು ನಮ್ಮವರು. ಕಿವಿ ಮುಚ್ಚುವ ಕೂದಲಿನ ಪುಸ್ತಕ ಜೇಬಿನಿಂದ ಹೊರಬಂತು. ಮಸ್ಕತ್ತಿನಲ್ಲಿ ಯಾರೂ ಮೂಸದ ಆ ಪುಸ್ತಕವನ್ನು ಗುಮಾಸ್ತರು ಗೌರವದಿಂದ ನೋಡಿ, "ಹಾಂ, ಇದು ಲೈಸೆನ್ಸು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಓಡಿಸಲು ಬರುವವಳು ಶಿಷ್ಯೆ, ಬಾರದವರು ಗುರು. ಕಾನೂನಿಗೆ ಕಣ್ಣಿಲ್ಲ ಎಂದು ಕೇಳಿದ್ದೆ, ಹೀಗೆ ಕಣ್ಣು ಹೊಡೆಯುತ್ತದೆಂದು ಗೊತ್ತಿರಲಿಲ್ಲ.

ಕಾರಿನ ಮುಂದೆ ಹಿಂದೆ ಕೆಂಪು ಎಲ್ ಅಂಟಿತು. ಎದುರುಮನೆಯ ಗಂಗಮ್ಮನವರು ಗೇಟಿಗೆ ಒರಗಿಕೊಂಡು, "ಅಲ್ಲ ಟೀಚರಮ್ಮ, ಫಾರಿನ್ನಾಗೆ ಕಾರು ಓಡುಸ್ತಿದ್ದೆ ಅಂತಿದ್ರಿ?" ಎಂದು ರಾಗ ಎಳೆದರು. ಆ 'ಅಂತಿದ್ರಿ'ಯಲ್ಲಿ ನನ್ನ ಮಸ್ಕತ್ತಿನ ಬದುಕೆಲ್ಲ ಸುಳ್ಳಾಗಿಹೋಯಿತು. ಉತ್ತರವನ್ನು ಓಡಿಸಿಯೇ ತೋರಿಸೋಣವೆಂದು ಗತ್ತಿನಿಂದ ಬಾಗಿಲು ತೆಗೆದು ಕೂತೆ. ನೋಡಿದರೆ ಮುಂದೆ ಸ್ಟೀರಿಂಗೇ ಇಲ್ಲ! ಮಸ್ಕತ್ತಿನ ಕಾರುಗಳಲ್ಲಿ ಸ್ಟೀರಿಂಗ್ ಎಡಗಡೆ; ಅಭ್ಯಾಸಬಲದಿಂದ ಎಡಗಡೆಯೇ ಹತ್ತಿದ್ದೆ. ಇಳಿದು ಸುತ್ತಿಕೊಂಡು ಹೋಗುವಷ್ಟರಲ್ಲಿ ಗಂಗಮ್ಮನವರು ಇನ್ನಿಬ್ಬರನ್ನು ಕರೆದಾಗಿತ್ತು.

ಸತ್ಯ ಹೇಳಬೇಕೆಂದರೆ ಗುಮಾಸ್ತರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಬಲಗೈ ಗೇರು ಹುಡುಕಿಕೊಂಡು ಹೋಗಿ ಕಿಟಕಿಯ ಗಾಜು ಇಳಿಸಿಬಿಡುತ್ತಿತ್ತು. ತಿರುವು ಬಂದರೆ ಕಾರು ಮೇಯಲು ಹೊರಟ ಎಮ್ಮೆಯಂತೆ ಬಲಕ್ಕೆ ವಾಲುತ್ತಿತ್ತು. ಆಗೆಲ್ಲ ನಮ್ಮವರು ಸೀಟಿನಿಂದ ಅರ್ಧ ಎದ್ದು, "ಎಡಕ್ಕೆ ಕಣೇ, ಎಡಕ್ಕೆ!" ಎಂದು ಕೂಗುತ್ತಿದ್ದರು. ಅವರಿಗೆ ಬರುತ್ತಿದ್ದ ಡ್ರೈವಿಂಗ್ ಪಾಠವೆಲ್ಲ ಆ ಒಂದು ಮಾತಿನಲ್ಲಿತ್ತು. ನೆಟ್ಟಗಿನ ರಸ್ತೆಯಲ್ಲೂ ಹೇಳುತ್ತಿದ್ದರು. ಗಾಡಿ ನಿಂತಿದ್ದಾಗಲೂ ಒಮ್ಮೆ ಹೇಳಿದರು.

"ರೀ, ಸುಮ್ನೆ ಕಡಲೆಕಾಯಿ ತಿನ್ರಿ" ಎಂದೆ.

"ಜವಾಬ್ದಾರಿ ಅನ್ನೋದು ಇದೆ ಕಣೇ" ಎಂದರು.

ಸಂಕ್ರಾಂತಿ ಹತ್ತಿರವಾಗುತ್ತಿತ್ತು. ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅಡುಗೆಮನೆಯಲ್ಲಿ ಸೌಟು ಹಿಡಿದರೂ ಎಡ ಯಾವುದು ಬಲ ಯಾವುದು ಎಂದು ಗೊಣಗುತ್ತಿದ್ದೆ. ಟೆಸ್ಟಿನಲ್ಲಿ ಫೇಲಾದರೆ ಹಳೇಬೀಡು ಕೈತಪ್ಪುತ್ತದೆ. ಕೆಲಸಕ್ಕಿಂತ ಹೆಚ್ಚಾಗಿ ಒಬ್ಬಳೇ ಕಾರಿನಲ್ಲಿ ಹೋಗಿಬರುವ ಆ ಬೆಳಗುಗಳು ನನಗೆ ಬೇಕಾಗಿದ್ದವು. ಮಸ್ಕತ್ತಿನಲ್ಲಿ ನಾನೊಬ್ಬ ಮನುಷ್ಯಳಾಗಿದ್ದೆ, ಇಲ್ಲಿಗೆ ಬಂದು ಪಕ್ಕದ ಸೀಟಾಗಿಬಿಟ್ಟೆ ಎನ್ನಿಸಿ ಅಳು ಬರುತ್ತಿತ್ತು.

ಟೆಸ್ಟಿಗೆ ಮುಂಚಿನ ವಾರ ಜಾವಗಲ್ ರಸ್ತೆಯಲ್ಲಿ ಹೋಗುತ್ತಿದ್ದಾಗ ಮುಂದೆ ರಸ್ತೆಯ ತುಂಬ ಹುರುಳಿ ಗಿಡ ಹರಡಿತ್ತು. ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ, ಹೋಗಿಬರುವ ಗಾಡಿಗಳೇ ಎತ್ತು. ಮಸ್ಕತ್ತಿನ ಶಿಸ್ತು ನೆನಪಾಗಿ ನಾನು ಗಕ್ಕನೆ ನಿಲ್ಲಿಸಿ, ಯಾರೋ ಪಾಪ ಬೆಳೆ ಒಣಗಿಸಿದ್ದಾರೆ, ತುಳಿಯಬಾರದು ಎಂದು ಹಿಂದಕ್ಕೆ ಸರಿಯತೊಡಗಿದೆ. ಬದುವಿನ ಮೇಲಿದ್ದ ರೈತ ಓಡಿಬಂದ.

"ಯಾಕವ್ವಾ ಇಂದಕ್ಕೆ ಓಯ್ತೀಯ? ಮ್ಯಾಲೆ ಓಡ್ಸವ್ವ, ನಿನ್ನಂಥೋರಿಗೇ ಕಾಯ್ತಾ ಕುಂತಿವ್ನಿ!"

ಮೇಲೆ ಓಡಿಸಿದೆ. ಅವನು ಕೈ ಎತ್ತಿ, "ಇಂಗೇ ಇನ್ನೊಂದ್ಕಿತ ಬಾರವ್ವ" ಎಂದ. ತಿರುಗಿಸಲು ಜಾಗವಿರಲಿಲ್ಲ, ಹಿಂದಕ್ಕೇ ಬಂದೆ. ಡ್ರಮ್ಮುಗಳ ನಡುವೆ ಕಣ್ಣೀರಿಟ್ಟು ಕಲಿತ ವಿದ್ಯೆ. ಗೆರೆ ಎಳೆದ ಹಾಗೆ ಬಂದೆ. ಮುಂದೆ, ಹಿಂದೆ, ಮತ್ತೆ ಮುಂದೆ. ಕಾಯಿ ಚಟಚಟ ಒಡೆಯುವ ಸದ್ದಿಗೆ ಮನಸ್ಸು ಹಗುರಾಯಿತು. ನಮ್ಮವರು ಕೆಳಗಿಳಿದು ರೈತನ ಜೊತೆ ಬೀಡಿ ಹಚ್ಚಿ, "ರಿವರ್ಸ್‌ನಲ್ಲಿ ನಮ್ಮೋಳು ಎತ್ತಿದ ಕೈ" ಎಂದು ಹೇಳುತ್ತಿದ್ದರು. ಬಂದ ದಿನದಿಂದ ನನ್ನ ಮಸ್ಕತ್ತಿನ ಲೈಸೆನ್ಸನ್ನು ಒಪ್ಪಿಕೊಂಡವನು ಆ ರೈತನೊಬ್ಬನೇ.

ಟೆಸ್ಟಿನ ದಿನ ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತರು, ನಮ್ಮವರನ್ನು ಕೆಳಗಿಳಿಸಿದರು. ಇನ್ಸ್‌ಪೆಕ್ಟರು ಮಿತಭಾಷಿ. ರಿವರ್ಸ್ ತೋರಿಸಲೇ ಎಂದರೆ, "ಅದೆಲ್ಲ ಬೇಡಮ್ಮ, ಆ ಹುಣಸೆಮರದ ತನಕ ಹೋಗಿ ತಿರುಗಿಸ್ಕೊಂಡು ಬನ್ನಿ" ಎಂದರು. ಮರದ ತನಕ ಸೊಗಸಾಗಿ ಹೋದೆ. ತಿರುಗಿಸಿಕೊಂಡು ಹೊರಟೆ. ಏನೋ ಕೊರತೆ. ಕಾರಿನೊಳಗೆ ಮೌನ. ಎದುರಿಗೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರೊಂದು ನೇರ ನನ್ನ ಮೇಲೇ ಬರುತ್ತಿದೆ. ಇವನಿಗೇನು ಬಂದಿದೆ ದೊಡ್ಡ ರೋಗ ಎಂದುಕೊಳ್ಳುವಷ್ಟರಲ್ಲಿ ನನ್ನ ಬಾಯಿಂದಲೇ ದೊಡ್ಡ ದನಿ ಹೊರಟಿತು. "ಎಡಕ್ಕೆ ಕಣೇ, ಎಡಕ್ಕೆ!" ಕೈ ತಾನಾಗಿ ತಿರುಗಿತು. ಟ್ರ್ಯಾಕ್ಟರು ಬೈದುಕೊಂಡು ಪಕ್ಕದಲ್ಲಿ ಹಾದುಹೋಯಿತು.

ಇನ್ಸ್‌ಪೆಕ್ಟರು ಬೆವರು ಒರೆಸಿಕೊಂಡು, "ಯಾರಿಗಮ್ಮಾ ಹೇಳಿದ್ದು?" ಎಂದರು.

"ನನಗೇ ಸಾರ್."

ಇನ್ಸ್‌ಪೆಕ್ಟರು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನು ತೆಗೆದರು. "ಹೇಳಿದ ಕೂಡಲೇ ಕೇಳಿದ್ರಲ್ಲ, ಅಷ್ಟು ಸಾಕು. ಹೇಳ್ಕೊಳ್ತಾ ಇರಿ" ಎಂದು ಪಾಸು ಮಾಡಿದರು.

ಆ ಗಳಿಗೆಯಲ್ಲಿ ನಮ್ಮವರ ಮೇಲೆ ನನಗೆ ಉಕ್ಕಿದ ಅಕ್ಕರೆ ಇಷ್ಟಿಷ್ಟಲ್ಲ. ನಾನು ಕಾರಿನಿಂದ ಇಳಿಯುತ್ತಲೇ ಅವರು ಎದುರು ಬಂದು, "ಕಲಿಸಿದ್ದು ಯಾರು ಹೇಳು!" ಎಂದರು. ಅಕ್ಕರೆ ಅಲ್ಲೇ ಇಂಗಿಹೋಯಿತು.

ಸಂಕ್ರಾಂತಿ ಕಳೆಯಿತು, ಹಳೇಬೀಡಿನ ಕೆಲಸ ನನ್ನದಾಯಿತು. ಕೆರೆಯ ಏರಿ ಕಾಣುವ ಹೊತ್ತಿಗೆ ಇನ್ನೂ ಪ್ರಾರ್ಥನೆಯ ಗಂಟೆ ಹೊಡೆದಿರುವುದಿಲ್ಲ. ತಿರುವುಗಳಲ್ಲಿ ನನಗೆ ನಾನೇ ಕೂಗಿಕೊಳ್ಳುತ್ತೇನೆ, ಯಾರಿಗೂ ತೊಂದರೆಯಿಲ್ಲ. ನೆಮ್ಮದಿಯಾಗಿದ್ದೆ. ಆದರೆ ಒಂದು ಭಾನುವಾರ ನಮ್ಮವರು ಬೀಗದ ಕೈ ಬೆರಳಿಗೆ ಸುತ್ತುತ್ತಾ ಬಂದು, "ಇವತ್ತು ನಾನು ಓಡಿಸ್ತೀನಿ. ನನ್ನ ಹತ್ರ ಲೈಸೆನ್ಸ್ ಇದೆಯಲ್ಲ" ಎಂದರು. ಕಾನೂನಿನ ಪ್ರಕಾರ ಬೇಡ ಎನ್ನುವ ಹಾಗಿಲ್ಲ. ಎದುರಿಗೆ ಬರುವವರಾದರೂ ಬದುಕಿಕೊಳ್ಳಲಿ ಎಂದು, ತೆಗೆದಿಟ್ಟಿದ್ದ ಕೆಂಪು ಎಲ್ ಬೋರ್ಡನ್ನು ಮತ್ತೆ ಅಂಟಿಸಿ, ಅವರ ಪಕ್ಕ ಕೂತು, ಎರಡು ಕಾಲಲ್ಲೂ ಇಲ್ಲದ ಬ್ರೇಕು ಒತ್ತಿಕೊಂಡು ಗೇಟು ದಾಟಿಸಿದೆ. ಗಂಗಮ್ಮನವರು ಎಲ್ ಬೋರ್ಡನ್ನು ನೋಡಿದರು, ಸ್ಟೀರಿಂಗ್ ಹಿಡಿದ ನಮ್ಮವರನ್ನು ನೋಡಿದರು, ಪಕ್ಕದ ಸೀಟಿನಲ್ಲಿ ಬಿಳಿಚಿಕೊಂಡಿದ್ದ ನನ್ನನ್ನೂ ನೋಡಿದರು. ಆಮೇಲೆ ಪಕ್ಕದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಪಾಪ, ಟೀಚರಮ್ಮಂಗೆ ಇನ್ನೂ ಬಂದಿಲ್ಲ ಕಣೇ. ಯಜಮಾನ್ರು ಎಷ್ಟು ತಾಳ್ಮೆಯಿಂದ ತೋರುಸ್ಕೊಡ್ತಾವ್ರೆ ನೋಡು!"