ಆರು ನಿಮಿಷಕ್ಕೊಂದು ಟಕ್

ನಮ್ಮ ಚಿಕ್ಕಪ್ಪನಿಗೆ ನಮಸ್ಕಾರ ಮಾಡುವುದಕ್ಕೆ ಫೀಸಿಲ್ಲ. ಚೆನ್ನಾಗಿದ್ದೀರಾ ಎಂದು ಕೇಳುವುದಕ್ಕೂ ಇಲ್ಲ. ಅಷ್ಟಕ್ಕೆ ನಿಲ್ಲಿಸಿದರೆ ನೀವು ಬಚಾವು. ಅದರಾಚೆಗೆ ಬಾಯಿ ತಪ್ಪಿ, "ಅಂದಹಾಗೆ ನಮ್ಮ ಹುಡುಗನ ಪಿಎಫ್ ವಿಷಯ..." ಎಂದಿರೋ, ಅವರ ಕತ್ತಿನಲ್ಲಿ ನೇತಾಡುವ ಸ್ಟಾಪ್‌ವಾಚು ಟಕ್ ಎನ್ನುತ್ತದೆ. ಅಲ್ಲಿಂದ ನಿಮ್ಮ ಮೀಟರು ಓಡಲು ಶುರು!

ಚಿಕ್ಕಪ್ಪನದು ಕಾರ್ಮಿಕ ಕಾನೂನಿನ ಸಲಹೆ ಕೊಡುವ ಕೆಲಸ. ಹಿಂದೂಪುರದ ಗಾರ್ಮೆಂಟ್ಸುಗಳಿಂದ ಹಿಡಿದು ಕಲ್ಯಾಣದುರ್ಗದ ಕಡಲೆಕಾಯಿ ಮಿಲ್ಲುಗಳವರೆಗೆ, ಕೆಲಸದವರನ್ನು ಎಷ್ಟು ಗಂಟೆ ದುಡಿಸಬಹುದು, ರಜಾ ಯಾವಾಗ, ಓಟಿ ಎಷ್ಟು ಎಂದು ಮಾಲೀಕರಿಗೆ ತಿಳಿಹೇಳಬೇಕು. ಮೊದಲೆಲ್ಲ ಕೊಟ್ಟಷ್ಟು ಇಸಿದುಕೊಂಡು ಬರುತ್ತಿದ್ದರು. ಒಮ್ಮೆ ಯಾವುದೋ ದೊಡ್ಡ ವಕೀಲರ ಆಫೀಸಿಗೆ ಹೋದರು ನೋಡಿ, ಅಲ್ಲಿ ಗಂಟೆಯನ್ನು ಹೋಳು ಮಾಡಿ ಆರಾರು ನಿಮಿಷಕ್ಕೆ ಬಿಲ್ ಹಾಕುತ್ತಾರಂತೆ. ಅದನ್ನು ಕೇಳಿದವರೇ ರಿಟೈರಾದ ಪಿ.ಟಿ. ಮೇಷ್ಟರೊಬ್ಬರ ಹತ್ತಿರ ಈ ವಾಚು ಕೊಂಡು ತಂದರು. ಅಲ್ಲಿಯವರೆಗೆ ಮಕ್ಕಳನ್ನು ಓಡಿಸುತ್ತಿದ್ದ ವಾಚು ಅಂದಿನಿಂದ ನೆಂಟರನ್ನು ಓಡಿಸತೊಡಗಿತು.

ಸೋಮಂದೇಪಲ್ಲಿಯ ಮದುವೆಯೊಂದರಲ್ಲಿ ಹೀಗಾಯಿತು. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ನೆಂಟರು ಇಎಸ್‌ಐ ಬಗ್ಗೆ ಏನೋ ಕೇಳಿದರು. ಟಕ್. ಮಾತು ಇಎಸ್‌ಐನಿಂದ ಜಾರಿ ಅವರ ಮಂಡಿನೋವಿಗೆ ಬಂತು. ಟಕ್, ವಾಚು ನಿಂತಿತು. ಮಂಡಿನೋವಿಗೆ ಬಿಲ್ ಹಾಕುವುದು ಅಧರ್ಮ. ಆಮೇಲೆ ಚಿಕ್ಕಪ್ಪನೇ ತಮ್ಮ ಮಂಡಿಯ ಪುರಾಣ ತೆಗೆದು ಪಾಯಸ ಬರುವವರೆಗೂ ಹೇಳಿದರು. ಮರುವಾರ ನೆಂಟರಿಗೆ ಬಿಲ್ ಹೋಯಿತು. ನೋಡಿದರೆ ಸೊನ್ನೆ! ಯಾಕೆ ಎಂದು ನಾನು ಕೇಳಿದ್ದಕ್ಕೆ, "ನನ್ ಮಂಡಿ ಕತೆ ಕೇಳಿದ್ದು ಅವರ ಟೈಮಲ್ವೇನಮ್ಮ? ಅದನ್ನ ಕಳೆದೀನಿ" ಎಂದರು. ಇಂಥ ವ್ಯಾಪಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಇನ್ನೊಬ್ಬರಿಗೆ ಹೇಳುವ ಕಾನೂನನ್ನು ತಾವೂ ಪಾಲಿಸುತ್ತಾರೆ, ಅದೇ ತೊಂದರೆ. ಕಲ್ಯಾಣದುರ್ಗದ ಮಿಲ್ಲಿನ ಸಾಹುಕಾರರು ಒಂದು ದಿನ ಯಾವುದೋ ನೋಟಿಸು ಹಿಡಿದು ಹಿಂದೂಪುರಕ್ಕೆ ಓಡಿಬಂದರು. ಚಿಕ್ಕಪ್ಪ ಅದನ್ನು ಎರಡು ಸಲ ಓದಿ, "ಇದರ ಪ್ರಕಾರ ನಾಳೆ ಸಂಜೆಯೊಳಗೆ ನೀವು..." ಎನ್ನುವಷ್ಟರಲ್ಲಿ ಒಂದು ಗಂಟೆ ಹೊಡೆಯಿತು. ಊಟದ ವಿರಾಮ. ವಾಚು ಒತ್ತಿ ನಿಲ್ಲಿಸಿ ಟಿಫನ್ ಕ್ಯಾರಿಯರ್ ಬಿಚ್ಚಿದರು. ಸಾಹುಕಾರರು "ಏಮಯ್ಯಾ, ಚೆಪ್ಪಯ್ಯಾ, ಹೇಳಿಬಿಡಯ್ಯಾ" ಎಂದು ಅಂಗಲಾಚಿದರೂ ಬಾಯಿಬಿಡಲಿಲ್ಲ. ಅರ್ಧ ಗಂಟೆ ಆ ಮನುಷ್ಯ ಬೆವರು ಒರೆಸಿಕೊಂಡು ಮೊಸರನ್ನ ನೋಡುತ್ತಾ ಕೂತರು. ಕೈ ತೊಳೆದು ಬಂದು, ವಾಚು ಒತ್ತಿ, ಚಿಕ್ಕಪ್ಪ ವಾಕ್ಯ ಮುಗಿಸಿದರು: "...ಏನೂ ಮಾಡಬೇಕಾಗಿಲ್ಲ. ಇದು ನಿಮ್ಮ ಪಕ್ಕದ ಮಿಲ್ಲಿನ ನೋಟಿಸು."

ಇದೆಲ್ಲ ಹೊರಗಿನ ಮಾತಾಯಿತು. ಈಗ ಮನೆಗೆ ಬರೋಣ. ಹಿಂದೂಪುರದ ಮನೆಯಲ್ಲಿ ಇರುವುದು ಚಿಕ್ಕಪ್ಪ, ಚಿಕ್ಕಮ್ಮ, ಅಜ್ಜಿ, ಅಲ್ಲೇ ಶಾಲೆಯೊಂದರಲ್ಲಿ ಪಾಠ ಹೇಳುವ ನಾನು. ಚಿಕ್ಕಮ್ಮನ ತವರು ಕಲ್ಯಾಣದುರ್ಗ. ಅಲ್ಲಿ ಅಣ್ಣನ ಮನೆಯಲ್ಲಿರುವ ಅವಳ ತಾಯಿಗೆ ಮರೆವಿನ ಕಾಯಿಲೆ. ಕೆಲವು ದಿನ ಗುರುತು ಸಿಗುತ್ತದೆ, ಕೆಲವು ದಿನ ಇಲ್ಲ. ಪೂರ್ತಿ ಮರೆಯುವ ಮೊದಲು ಆಗಾಗ ಹೋಗಿ ಬರುತ್ತೇನೆ ಎಂದು ಚಿಕ್ಕಮ್ಮ ಕೇಳಿದಾಗ ಅಜ್ಜಿ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಯುಗಾದಿಗೆ ಹೋಯ್ತೀಯಲ್ಲ, ಸಾಕು ಬಿಡು" ಎಂದುಬಿಟ್ಟಳು. ಅಜ್ಜಿಯ ಮಾತಿಗೆ ಮನೆಯಲ್ಲಿ ಯಾರೂ ಎದುರಾಡಿದ್ದಿಲ್ಲ. ಚಿಕ್ಕಪ್ಪನೂ ಆಡಲಿಲ್ಲ. ಮರುದಿನ ಬೆಳಗ್ಗೆ ಅಡಿಗೆಮನೆಯ ಬಾಗಿಲಿಗೆ ಒಂದು ನೋಟಿಸು ಅಂಟಿಸಿದರು, ಅಷ್ಟೆ. ಕನ್ನಡದಲ್ಲೊಂದು ಸಲ, ತೆಲುಗಿನಲ್ಲೊಂದು ಸಲ: ವಾರಕ್ಕೊಂದು ದಿನ ರಜಾ ಕಡ್ಡಾಯ.

"ಯಾವನ್ಲಾ ಇದನ್ನ ಬರ್ದೋನು?" ಅಜ್ಜಿ ಕೇಳಿದಳು.

"ಸರ್ಕಾರದೋರು ಕಣಮ್ಮ. ಅಡಿಗೆಮನೆಗೂ ಬಂದ್ಬುಟ್ಟದೆ ಕಾನೂನು."

ಅಜ್ಜಿ ಹೆದರುವುದು ಎರಡಕ್ಕೇ, ಹಲ್ಲಿಗೆ ಮತ್ತು ಸರ್ಕಾರಕ್ಕೆ. ಸರ್ಕಾರ ಮುನಿಸಿಕೊಂಡರೆ ಪಿಂಚಣಿ ನಿಲ್ಲುತ್ತದೆ. "ರಜಾ ತಗೊಂಡು ಅವಳು ಎಲ್ಲಿಗೆ ಹೋಯ್ತಾಳೆ?" ಎಂದಳು. "ರಜಾ ದಿನ ಕೆಲಸದೋರು ಎಲ್ಲಿಗೆ ಹೋಯ್ತಾರೆ ಅಂತ ಮಾಲೀಕರು ಕೇಳಂಗಿಲ್ಲ ಕಣಮ್ಮ, ಕೇಸಾಯ್ತದೆ" ಎಂದರು ಚಿಕ್ಕಪ್ಪ.

ನಾನು ನಾಲ್ಕು ಅಕ್ಷರ ಕಲಿತವಳು, ಸುಮ್ಮನಿರಬಾರದೇ? "ಚಿಕ್ಕಪ್ಪ, ಆ ಕಾನೂನು ಮನೆ ಹೆಂಗಸರಿಗೂ ಅನ್ವಯಿಸುತ್ತಾ?" ಎಂದೆ. ಚಿಕ್ಕಪ್ಪ ನನ್ನನ್ನೇ ನೋಡುತ್ತಾ ಸ್ಟಾಪ್‌ವಾಚಿನ ಮೇಲೆ ಹೆಬ್ಬೆಟ್ಟು ಇಟ್ಟರು. "ಈ ಪ್ರಶ್ನೆ ಬಲು ದುಬಾರಿ ಕಣಮ್ಮ. ಕೇಳ್ಲೇಬೇಕಾ?" ನಾನು ಪ್ರಶ್ನೆ ವಾಪಸು ತೆಗೆದುಕೊಂಡೆ.

ಅಂದಿನಿಂದ ಭಾನುವಾರ ಚಿಕ್ಕಮ್ಮನಿಗೆ ರಜಾ. ನಾನು ಒಲೆ ಮುಟ್ಟಹೋದರೆ, ವಾರವೆಲ್ಲ ಶಾಲೆಯಲ್ಲಿ ದುಡಿದವಳು, ನಿನಗೂ ರಜಾ ಎಂದು ಚಿಕ್ಕಪ್ಪ ತಡೆದರು. ತಮಗೆ ಬೇಡವೇ ಎಂದರೆ ಮಾಲೀಕನಿಗೆ ಕಾನೂನಿನಲ್ಲಿ ರಜಾ ಇಲ್ಲವಂತೆ! ಕೋಳಿ ಕೂಗುವ ಹೊತ್ತಿಗೆ ಎದ್ದು ತಾವೇ ಮುದ್ದೆ ತಿರುವಿ, ಹುಳಿ ಮಾಡಿಟ್ಟು, ಚಿಕ್ಕಮ್ಮನನ್ನು ಕರೆದುಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತುತ್ತಿದ್ದರು. ಆ ಮುದ್ದೆಯ ಬಗ್ಗೆ ನಾನು ಏನು ಹೇಳಲಿ? ಅಜ್ಜಿ ಒಂದು ತುತ್ತು ನುಂಗಿ, "ಸರ್ಕಾರ ಇದನ್ನೂ ತಿಂದು ನೋಡೈತಾ?" ಎಂದು ಕೇಳಿದಳು.

ಕೊನೆಗೆ ಅಜ್ಜಿ ತಡೆಯಲಾರದೆ, ಈ ಭಾನುವಾರ ನೆಂಟರು ಬತ್ತಾರೆ, ರಜಾ ಗಿಜಾ ಇಲ್ಲ ಎಂದು ಘೋಷಿಸಿದಳು. ಚಿಕ್ಕಮ್ಮ ತಾಯಿಗೆಂದು ಎತ್ತಿಟ್ಟಿದ್ದ ಹರಳೆಣ್ಣೆ ಸೀಸೆಯನ್ನು ಚೀಲದಿಂದ ತೆಗೆದು ಗೂಡಿನಲ್ಲಿಟ್ಟಳು.

"ಆಗ್ಲಿ ಕಣಮ್ಮ" ಎಂದರು ಚಿಕ್ಕಪ್ಪ. "ಬದಲಿ ರಜಾ ಸೋಮವಾರ ಕೊಡ್ಬೇಕಾಯ್ತದೆ. ಅವತ್ತು ನಾನೇ ಮುದ್ದೆ ಮಾಡ್ತೀನಿ. ನೆಂಟರು ಸೋಮವಾರಾನೂ ಇರ್ತಾರಲ್ಲ?"

ಅಜ್ಜಿ ಆ ದೃಶ್ಯವನ್ನು ಮನಸ್ಸಿನಲ್ಲೇ ಕಂಡಳೆಂದು ಕಾಣುತ್ತದೆ. "ಭಾನುವಾರಾನೇ ಹೋಗ್ಲಿ ಬಿಡ್ಲಾ. ನೆಂಟರಿಗೆ ಹೋಟ್ಲಿಂದ ತರಸ್ತೀನಿ" ಎಂದಳು. ಸೀಸೆ ಮತ್ತೆ ಚೀಲ ಸೇರಿತು.

ಅದಾದ ಮೇಲಿನ ಒಂದು ಭಾನುವಾರ ಅಜ್ಜಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ನಾನೂ ಅವರ ಜೊತೆ ಹೊರಟೆ. ಬಸ್ಸಿನಲ್ಲಿ, "ಒಂದು ವಾರ ತಪ್ಪಿದ್ರೆ ಏನಾಗ್ತಿತ್ತು ಚಿಕ್ಕಪ್ಪ?" ಎಂದೆ. "ಯಾವ ವಾರ ಅತ್ತೆಗೆ ಇವಳ ಗುರುತು ಸಿಗ್ತದೋ ಗೊತ್ತಿಲ್ವಲ್ಲ. ಅದಕ್ಕೇ ಒಂದೂ ಬಿಡಂಗಿಲ್ಲ" ಎಂದು ಕಿಟಕಿಯ ಕಡೆ ತಿರುಗಿದರು.

ಆ ವಾರ ಗುರುತು ಸಿಗಲಿಲ್ಲ. ಚಿಕ್ಕಮ್ಮ ಬೆನ್ನ ಹಿಂದೆ ಕೂತು ತಾಯಿಯ ತಲೆಗೆ ಎಣ್ಣೆ ಹಚ್ಚಿ ಬಾಚತೊಡಗಿದಳು. ಮುದುಕಿ ಎದುರಿಗೆ ಕುರ್ಚಿಯಲ್ಲಿದ್ದ ಚಿಕ್ಕಪ್ಪನನ್ನು ನೋಡಿ, "ಯಾರಪ್ಪಾ ನೀನು?" ಎಂದರು.

"ನಾನು ಕಣತ್ತೆ, ನಿಮ್ಮ ಅಳಿಯ."

"ಏನ್ ಕೆಲ್ಸ ಮಾಡ್ತೀಯಾ?"

"ಕೆಲಸದೋರಿಗೆ ರಜಾ ಕೊಡಿಸ್ತೀನಿ."

ಮುದುಕಿ ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಒಂದು ಉಪಕಾರ ಮಾಡಪ್ಪ. ನನ್ ಮಗಳ್ನ ಹಿಂದೂಪುರಕ್ಕೆ ಕೊಟ್ಟಿದೀವಿ. ಪಾಪ, ಅವಳಿಗೆ ರಜಾನೇ ಸಿಗಾಕಿಲ್ಲ. ಒಂದಿನ ಬಿಡಿಸಿ ಕಳಿಸ್ತೀಯಾ? ನೋಡ್ಬೇಕು ಅನ್ನಿಸ್ತದೆ."

ಚಿಕ್ಕಮ್ಮನ ಕೈಯಲ್ಲಿ ಬಾಚಣಿಗೆ ನಿಂತಿತು. ನನಗೆ ಅಳು ತಡೆಯಲಾಗಲಿಲ್ಲ.

"ಆಗ್ಲಿ ಕಣತ್ತೆ" ಎಂದರು ಚಿಕ್ಕಪ್ಪ. "ಕಳಿಸ್ತೀನಿ."

ಮುದುಕಿ ಸೆರಗಿನ ಗಂಟು ಬಿಚ್ಚಿ, ಹುರಿದ ಕಡಲೆಬೀಜ ಒಂದು ಹಿಡಿ ತೆಗೆದು ಕೊಟ್ಟರು. ಚಿಕ್ಕಪ್ಪ ಎರಡೂ ಕೈಯೊಡ್ಡಿ ತೆಗೆದುಕೊಂಡರು. ಚಿಕ್ಕಮ್ಮ ಮತ್ತೆ ಬಾಚತೊಡಗಿದಳು. ಜಡೆ ಹೆಣೆದು ಮುಗಿಯುವ ಮೊದಲೇ ಮುದುಕಿ ಮತ್ತೆ ತಲೆಯೆತ್ತಿ, "ಯಾರಪ್ಪಾ ನೀನು?" ಎಂದು ಕೇಳಿದರು.

ನನ್ನ ಕಣ್ಣು ತಾನಾಗಿ ಚಿಕ್ಕಪ್ಪನ ಕತ್ತಿನ ಕಡೆ ಹೋಯಿತು. ಸ್ಟಾಪ್‌ವಾಚು ಅಲ್ಲಿರಲಿಲ್ಲ. ಬರುವಾಗ ಅಡಿಗೆಮನೆಯ ಬಾಗಿಲ ಮೊಳೆಗೆ ಅದನ್ನು ನೇತುಹಾಕಿ ಬಂದಿದ್ದರು. ಅವರು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಈಗ ತಾನೇ ಬಂದವರ ಹಾಗೆ, "ನಾನು ಕಣತ್ತೆ, ನಿಮ್ಮ ಅಳಿಯ" ಎಂದರು.