ಎಮ್ಮೆಗೆ ಹೇಳಿದ ಒಂದು ಸುಳ್ಳು

ಎಮ್ಮೆ ಹಾಯಬಹುದಿತ್ತು. ಒದ್ದರೆ ಕಾಕಾನ ಮೊಣಕಾಲು ಹೋಗಬಹುದಿತ್ತು. ಕಬ್ಬಿನ ಒಣ ರವದಿ ತುಂಬಿ ಹೊಲಿದ ಸತ್ತ ಕರುವನ್ನು ನಾಯಿ ಎಳೆದೊಯ್ಯಬಹುದಿತ್ತು, ಇಲ್ಲವೇ ಎಮ್ಮೆಯ ಎದುರಿಗೇ ಅದರ ಹೊಲಿಗೆ ಬಿಚ್ಚಬಹುದಿತ್ತು. ಇವೆಲ್ಲ ಹೋಗಲಿ, ಹಿಂಡುವ ನಡುವೆ ಕಾಕಾನೇ ಎದ್ದು ನಿಂತು ಎಮ್ಮೆಗೆ ನಿಜ ಹೇಳಿಬಿಡಬಹುದಿತ್ತು. ಚಿಕ್ಕೋಡಿಯಿಂದ ಐನಾಪುರದ ತನಕ ಬಸ್ಸಿನಲ್ಲಿ ಕೂತು ಇಷ್ಟನ್ನೂ ಚಿಂತಿಸಿದ್ದೆ. ಚಿಂತಿಸುವುದರಲ್ಲಿ ನನಗೆ ನೌಕರಿಗಿಂತ ಹೆಚ್ಚಿನ ಸರ್ವಿಸ್ ಆಗಿದೆ. ಇದಾವುದೂ ಆಗಲಿಲ್ಲ.

ಎಮ್ಮೆಗೆ ನಿಜ ಹೇಳುವುದು ಅಂದರೇನು ಎನ್ನುತ್ತೀರಾ? ಅದಕ್ಕೆ ನಮ್ಮ ಕಾಕಾ ಗೊತ್ತಿರಬೇಕು. ಅಪ್ಪನ ಈ ತಮ್ಮ ಮನುಷ್ಯರಿಗೆ ಸುಳ್ಳು ಹೇಳುವುದರಲ್ಲಿ ತಾಲ್ಲೂಕಿಗೇ ಮೇಲು. ದನಗಳಿಗೆ ಮಾತ್ರ ಒಂದು ಸುಳ್ಳನ್ನೂ ಹೇಳಿದವನಲ್ಲ.

ಊರಿಗೆ ಮೊಬೈಲು ಆಗಷ್ಟೇ ಬಂದ ಕಾಲ. ಕಬ್ಬು ಕಡಿಯುವವರ ಮುಕಾದಮ ಬಾಕಿ ಕೇಳಲು ಫೋನು ಮಾಡಿದ. ಚಕ್ಕಡಿಯ ಮೇಲೆ ಕೂತಿದ್ದ ಕಾಕಾ, "ನಾ ಮಿರಜಿ ದವಾಖಾನಿಯಾಗ ಅದೀನಿ" ಎಂದ.

"ದವಾಖಾನಿಯಾಗ ಎತ್ತಿನ ಗಂಟಿ ಸಪ್ಪಳ ಬರಾಕತ್ತೈತಲ್ರಿ?"

"ಬಾಜೂ ಕಾಟಿನಾವ ಸಿಸ್ಟರ್‌ನ ಕರ್ಯಾಕ ಗಂಟಿ ಬಾರಿಸಾಕತ್ತಾನ."

ಅದೇ ಮನುಷ್ಯ, ದನದ ಡಾಕ್ಟರು ಸೂಜಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಬಂದಾಗ ಎಮ್ಮೆಯ ಕಿವಿಯ ಬಳಿ ಬಾಗಿ, "ನೋಡವಾ, ಸೂಜಿ ತಂದಾರ. ಚುರ್ ಅಂತೈತಿ" ಎಂದ. ಎಮ್ಮೆ ಒದ್ದಿತು, ಕಾಕಾನನ್ನಲ್ಲ.

"ನಿಮ್ಮ ಸಲುವಾಗಿ ಒದಿಸಿಕೊಂಡ್ನೆಲ್ರಿ" ಎಂದು ಡಾಕ್ಟರು ಪ್ಯಾಂಟು ಝಾಡಿಸಿಕೊಂಡರು.

"ಮುಂದಿನಿಂದ ಬಂದಿದ್ರ ಒದೀತಿರಲಿಲ್ರಿ ಸಾಹೇಬ್ರ. ನೀವ ಕದ್ದ ಬಂದ್ರಿ."

ಇಂಥ ಎಮ್ಮೆಯ ಗಂಡು ಕರು ಸೊರಗಿ ಸೊರಗಿ ಸತ್ತಿತು. ಕರು ಕಣ್ಣ ಮುಂದಿಲ್ಲದೆ ಎಮ್ಮೆ ಹಾಲು ಇಳಿಸಲೊಲ್ಲದು. ನಮ್ಮ ಕಡೆ ಇದಕ್ಕೊಂದು ಹಳೆಯ ಉಪಾಯವಿದೆ. ಸತ್ತ ಕರುವಿನ ತೊಗಲಿನೊಳಗೆ ಕಬ್ಬಿನ ಒಣಗಿದ ಗರಿ, ಅಂದರೆ ರವದಿ, ತುಂಬಿ ಹೊಲಿದು ತಾಯಿಯ ಮುಂದೆ ನಿಲ್ಲಿಸುವುದು. ಅದು ಮೂಸಿ ನೋಡಿ, ನನ್ನ ಕೂಸು ಇದೆ ಎಂದುಕೊಂಡು ಹಾಲು ಬಿಡುತ್ತದೆ. ಕಾಕಿ ಹಾಗೊಂದು ಕರು ಮಾಡಿಸಿಯೇ ಬಿಟ್ಟಳು. ಕಾಕಾ ಅದನ್ನು ಕೊಟ್ಟಿಗೆಯೊಳಗೆ ತರಗೊಡಲಿಲ್ಲ. ಎಮ್ಮೆಯ ಎದುರು ಕೂತು, "ನಿನ್ನ ಕೂಸು ಇಲ್ಲವಾ. ಇನ್ನ ಹಾದಿ ನೋಡಬ್ಯಾಡ" ಎಂದು ತಿಳಿಸಿ ಹೇಳಿದ. ಎಮ್ಮೆ ಮೆಲುಕು ಹಾಕುತ್ತ ಎಲ್ಲವನ್ನೂ ಕೇಳಿಸಿಕೊಂಡಿತು. ಹಾಲು? ಒಂದು ಹನಿಯೂ ಇಲ್ಲ. ಇವನಿಗೆ ಬುದ್ಧಿ ಹೇಳಲೆಂದೇ ಕಾಕಿ ನನ್ನನ್ನು ಕರೆಸಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು: "ಹಾಲ ಬತ್ತಿದ್ರ ಎಮ್ಮಿ ಸಂತಿಗೆ ಹೋಗತೈತಿ. ಸಂತಿಯಿಂದ ಎಲ್ಲಿಗಿ ಹೋಗತೈತಿ, ಅದನ್ನೂ ಅದರ ಕಿವ್ಯಾಗ ಖರೇ ಹೇಳ್ರಿ ಹಂಗಾರ."

ಕಾಕಾ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ನಾನು ಹೇಳಿದ ಬುದ್ಧಿ ಅಷ್ಟೇ.

ಸಂಜೆ ರವದಿಯ ಕರು ಕೊಟ್ಟಿಗೆಗೆ ಬಂತು. ಕಾಕಾ ಎಮ್ಮೆಯ ಕಣ್ಣು ತಪ್ಪಿಸಿ, ತಲೆ ತಗ್ಗಿಸಿ ಹಿಂಡಲು ಕೂತ. ಎಮ್ಮೆ ಮೂಸಿತು. ತಡೆದು ಮತ್ತೊಮ್ಮೆ ಮೂಸಿತು. ಆಮೇಲೆ ಕಿವಿಯಿಂದ ಶುರುಮಾಡಿ ಮೈಯೆಲ್ಲ ನೆಕ್ಕತೊಡಗಿತು, ಹೊಲಿಗೆಯನ್ನೂ ಬಿಡದೆ. ಚೊರ್ ಚೊರ್ ಎಂದು ಬಕೆಟ್ಟಿಗೆ ಹಾಲು ಬಿತ್ತು. ಕಾಕಿ ಉಸಿರು ಬಿಟ್ಟಳು. ನಾನೂ ಬಿಟ್ಟೆ.

ತಪ್ಪಿದ್ದು ಇಷ್ಟೇ: ಮೂರು ಮೊಲೆ ಹಿಂಡಿ ಕಾಕಾ ಎದ್ದುಬಿಟ್ಟ.

"ಇನ್ನೊಂದು ಮೊಲಿ ತುಂಬಿ ನಿಂತೈತಲ್ರಿ" ಎಂದಳು ಕಾಕಿ. "ಅದ ಯಾರಿಗಿ?"

ಎಮ್ಮೆ ಇನ್ನೂ ನೆಕ್ಕುತ್ತಲೇ ಇತ್ತು. ಕಾಕಾ ರವದಿಯ ಕರುವಿನತ್ತ ಕೈ ತೋರಿಸಿದ.

"ಅದರದು" ಎಂದ. "ಇದ್ದಾಗ ನಾಕೂ ಹಿಂಡಿ ಡೇರಿಗೆ ಹಾಕ್ದೆ. ಗಂಡ ಕರ, ಬದುಕಿ ಏನ ಮಾಡತೈತಿ ಅಂದೆ."