ಅಧ್ಯಕ್ಷರು ಆಟಗಾರರನ್ನು ತರುತ್ತಿದ್ದ ರೀತಿ

ಕಬಡ್ಡಿ ತಂಡದ ಮ್ಯಾನೇಜರನಿಗೆ ಎದುರಾಳಿಗಳಿಗಿಂತ ತನ್ನ ಅಧ್ಯಕ್ಷರಿಂದಲೇ ಪೇಚಾಟ ಹೆಚ್ಚು. ನಾನು ಮ್ಯಾನೇಜರನಾಗಿದ್ದ ಹಾನಗಲ್ಲಿನ ತಂಡದಲ್ಲಿ ಇಂಥ ಪೇಚಾಟ ನಡೆಯುತ್ತಲೇ ಇತ್ತು. ಅಧ್ಯಕ್ಷರು ಭತ್ತದ ವ್ಯಾಪಾರಿ. ಪ್ರತಿ ವರ್ಷ ಪಂದ್ಯಾವಳಿ ನಡೆಸಿ, ಬಂದವರಿಗೆಲ್ಲ ಊಟ ಹಾಕಿ, ಕೊನೆಗೆ ಶೀಲ್ಡನ್ನು ತಮ್ಮ ಕೈಯಾರೆ ಪರ ಊರಿನವರಿಗೆ ಕೊಡುತ್ತಿದ್ದರು. ಒಂದು ಸಲವಾದರೂ ಅದು ತಮ್ಮಲ್ಲೇ ಉಳಿಯಬೇಕೆಂಬುದು ಅವರ ಹಟ. ಊರ ಹುಡುಗರನ್ನೇ ಪಳಗಿಸೋಣ ಎಂದು ನಾನು. "ತಮ್ಮಾ, ನೀ ಪಳಗಿಸೂದ್ರಾಗ ನಾ ಮುದುಕ ಆಗ್ತೇನಿ" ಎಂದು ಅವರು. ಈಗ ತಂಡವಿಲ್ಲ. ಆ ಜಗಳ ನೆನೆದರೆ ನಗು ಬರುತ್ತದೆ.

ಹಲ್ಲು

ಸವಣೂರಿನಿಂದ ಒಬ್ಬ ಗಟ್ಟಿ ಕ್ಯಾಚರನನ್ನು ಕರೆಸಿದ್ದೆವು. ಅಧ್ಯಕ್ಷರಿಗೆ ಕಬಡ್ಡಿಗಿಂತ ಎತ್ತು ಚೆನ್ನಾಗಿ ಗೊತ್ತು. ಹುಡುಗನನ್ನು ಅಂಗಡಿ ಮುಂದೆ ಅತ್ತಿಂದಿತ್ತ ನಡೆಸಿದರು, ಬೆನ್ನು ತಟ್ಟಿದರು. ಆಮೇಲೆ "ಹಲ್ಲ ತೋರ್ಸು" ಎಂದರು. ನಾನು ನಾಚಿಕೆಯಿಂದ ಚೀಲಗಳ ಕಡೆ ಮುಖ ಮಾಡಿದೆ. ಅವನು ತೋರಿಸಿದ.

"ಬಾಯಿಗೂಡ್ಯಾನ, ಹಲ್ಲ ಎಲ್ಲಾ ಪೂರಾ ಬಂದಾವ. ಇನ್ನ ಐದಾರ ವರ್ಷ ಚೊಲೊ ದುಡೀತಾನ" ಎಂದರು.

ಹುಡುಗ ಬಾಯಿ ಮುಚ್ಚಿ ಸಮಾಧಾನವಾಗಿ, "ನೀವೂ ಒಮ್ಮೆ ಬಾಯಿ ತಗೀರಿ ಸಾವಕಾರ್ರ. ಪಗಾರ ಎಷ್ಟ ವರ್ಷ ಬರ್ತೈತಿ ಅಂತ ನಾನೂ ನೋಡ್ಬೇಕಲ್ರಿ" ಎಂದ.

ಹೂಡಿ ನೋಡಿದ್ದು

ಎತ್ತು ಕೊಳ್ಳುವ ಮೊದಲು ಹೂಡಿ ನೋಡಬೇಕೆಂಬುದು ಅಧ್ಯಕ್ಷರ ಸಿದ್ಧಾಂತ. ಶಿಗ್ಗಾಂವಿ ಕಡೆಯ ದುಂಡಸಿಯಿಂದ ಬಂದ ಹುಡುಗನ ಶಕ್ತಿ ನೋಡಲು ಅವನನ್ನು ಭತ್ತದ ಚೀಲ ಇಳಿಸಲು ಹಚ್ಚಿದರು. ಮಧ್ಯಾಹ್ನ ಅವರ ಮನೆಯಿಂದಲೇ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಬಂತು. ಸಂಜೆ ನಾನು, "ಪಾಸಾದಿ. ನಾಳೆ ಮೈದಾನಕ್ಕ ಬಾ" ಎಂದೆ.

"ಮೈದಾನ ಯಾಕ್ರಿ? ನಾ ಇಲ್ಲೇ ಇರ್ತೇನಿ. ಇಲ್ಲಿ ಯಾರೂ ಕಾಲ ಹಿಡದ ಎಳಿಯಂಗಿಲ್ಲ."

ಇವತ್ತಿಗೂ ಆ ಅಂಗಡಿಯಲ್ಲೇ ಇದ್ದಾನೆ. ಹೋದಾಗಲೆಲ್ಲ ನನಗೆ ಚಹಾ ತರಿಸುತ್ತಾನೆ.

ಮನೆ ಅಳಿಯ

ಹಿರೇಕೆರೂರಿನಲ್ಲಿ ಒಬ್ಬ ರೇಡರ್ ಇದ್ದ. ಪ್ರತಿ ವರ್ಷ ಬಂದು ನಮ್ಮನ್ನು ಸೋಲಿಸಿ ಹೋಗುವವನು ಅವನೇ. ಅವನನ್ನು ತರಲು ಅಧ್ಯಕ್ಷರು ಹೊಸ ದಾರಿ ಹುಡುಕಿದರು. "ರೊಕ್ಕ ಕೊಟ್ರ ಇನ್ನೊಬ್ಬ ಹೆಚ್ಚಿಗಿ ಕೊಡ್ತಾನ. ಮಗಳ್ನ ಕೊಟ್ರ ಯಾರ ಬಿಡಿಸ್ಕೊಂಡ ಹೋಗ್ತಾರ?"

ಮಗಳು ಮೊದಲೇ ಅವನ ಆಟವನ್ನು ಮೊಬೈಲಿನಲ್ಲಿ ನೋಡಿ ಮೆಚ್ಚಿದ್ದಳು, ಕೂಡಲೇ ಹೂಂ ಎಂದಳು. ಮದುವೆಯಾಯಿತು. ಅವನು ಮನೆ ಅಳಿಯನಾಗಿ ಹಾನಗಲ್ಲಿಗೇ ಬಂದ. ಈ ಸಲ ಶೀಲ್ಡು ನಮ್ಮದೇ ಎಂದು ನಾನೂ ನಂಬಿದೆ. ಆದರೆ ಮಳೆಯಿಂದ ಪಂದ್ಯಾವಳಿ ಮುಂದಕ್ಕೆ ಹೋಗಿ ಆಷಾಢ ಬಂತು.

ಅಧ್ಯಕ್ಷರ ಹೆಂಡತಿ, "ಹೊಸಾ ಅಳಿಯ ಆಷಾಢದಾಗ ಅತ್ತಿ ಮನಿ ಹೊಸ್ತಿಲಾ ತುಳಿಬಾರ್ದು" ಎಂದರು.

"ತುಳಿಯೂದ ಬ್ಯಾಡ. ಹೆಂಗೂ ಒಳಗದಾನ, ಒಳಗ ಇರ್ಲಿ" ಎಂದರು ಅಧ್ಯಕ್ಷರು.

"ಅಂವ ಒಳಗಿದ್ರ ನಾ ನಮ್ಮ ತವರಮನಿಗೆ ಹೋಗ್ತೇನಿ."

ಅಳಿಯ ಹಿರೇಕೆರೂರಿನ ಬಸ್ ಹತ್ತಿದ. ಅಲ್ಲಿ ಅವನ ಅವ್ವ, "ಇಲ್ಲಿ ಉಂಡಾಂವ ಇಲ್ಲೇ ಆಡ್ಬೇಕು" ಎಂದುಬಿಟ್ಟಳಂತೆ. ತಡೆಯಲು ನಮ್ಮ ಬಳಿ ಏನೂ ಇರಲಿಲ್ಲ. ಮದುವೆ ನೋಂದಣಿ ಮಾಡಿಸಿದ್ದೆವು, ತಂಡಕ್ಕೆ ಅವನ ನೋಂದಣಿ ಮಾಡಿಸುವುದನ್ನೇ ಮರೆತಿದ್ದೆವು.

ಫೈನಲ್ಲಿನಲ್ಲಿ ಎದುರಾಗಿ ಬಂದ ಅಳಿಯ ನಮ್ಮವರನ್ನು ಒಬ್ಬೊಬ್ಬರಾಗಿ ಔಟ್ ಮಾಡಿ ಗೆದ್ದ. ಬಹುಮಾನ ಕೊಡಬೇಕಾದವರು ಮತ್ತೆ ನಮ್ಮ ಅಧ್ಯಕ್ಷರೇ. ಅಳಿಯ ಕಾಲಿಗೆ ನಮಸ್ಕಾರ ಮಾಡಿ ಕೈ ಚಾಚಿದ. ಅಧ್ಯಕ್ಷರು ಶೀಲ್ಡನ್ನು ಅರ್ಧ ಕೊಟ್ಟು, ಇನ್ನರ್ಧ ಬಿಡದೆ, ಅವನ ಕಿವಿಯ ಹತ್ತಿರ ಬಗ್ಗಿದರು.

"ಶ್ರಾವಣ ಹುಟ್ಟಿದ ದಿನಾನ ಮನಿಗೆ ಬಂದಬಿಡ್ರಿ, ಅಳಿಯಂದ್ರ. ಬರೂ ಮುಂದ ಇದನ್ನ ಹಿಡ್ಕೊಂಡ ಬರ್ರಿ."